ಅಕ್ಟೋಬರ್ ಇಡೀ ಹಾರರ್ ಸಿನಿಮಾ: ಹಾಲೋವೀನ್ ತಿಂಗಳಿಗೊಂದು ನೋಡುವ ಕ್ರಮ

ಅಮೆರಿಕದಲ್ಲಿ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಅಂಗಡಿಗಳ ಮುಂದೆ ಕುಂಬಳಕಾಯಿ ರಾಶಿ ಬೀಳುತ್ತದೆ, ಮನೆಗಳ ಅಂಗಳದಲ್ಲಿ ಪ್ಲಾಸ್ಟಿಕ್ ಅಸ್ಥಿಪಂಜರಗಳು ಬಂದು ಕೂರುತ್ತವೆ. ಅಲ್ಲಿಂದ ಅಕ್ಟೋಬರ್ 31ರ ಹಾಲೋವೀನ್‌ವರೆಗೆ ಅಲ್ಲಿನ ಸಿನಿಮಾ ಹುಚ್ಚಿನವರಿಗೆ ಹಾರರ್ ಬಿಟ್ಟು ಬೇರೆ ಮಾತಿಲ್ಲ. ದಿನಕ್ಕೊಂದರಂತೆ 31 ಸಿನಿಮಾ ನೋಡಿ ಮುಗಿಸುವ ಪಣ ತೊಡುವವರೂ ಬಹಳ ಮಂದಿ. ಈ ರೂಢಿ ಬೆಳೆದದ್ದು ಟಿವಿಯಿಂದ. 1957ರಲ್ಲಿ ಸ್ಕ್ರೀನ್ ಜೆಮ್ಸ್ ಕಂಪನಿ ಯೂನಿವರ್ಸಲ್ ಸ್ಟುಡಿಯೋದ 52 ಹಳೆಯ ಚಿತ್ರಗಳನ್ನು 'ಶಾಕ್' ಎಂಬ ಹೆಸರಿನಲ್ಲಿ ಒಟ್ಟು ಮಾಡಿ ಊರೂರಿನ ಟಿವಿ ಕೇಂದ್ರಗಳಿಗೆ ಮಾರಿತು. ದೆವ್ವದ ವೇಷ ಹಾಕಿದ ನಿರೂಪಕರು ತಡರಾತ್ರಿ ಅವನ್ನು ತೋರಿಸತೊಡಗಿದರು. ಅಪ್ಪ ಅಮ್ಮ ಚಿಕ್ಕಂದಿನಲ್ಲಿ ಥಿಯೇಟರ್‌ನಲ್ಲಿ ಕಂಡಿದ್ದ ಭೂತಗಳನ್ನು ಮಕ್ಕಳು ಮನೆಯ ಸೋಫಾದ ಮೇಲೆ ಕೂತು ಕಂಡರು.

ಅಮೆರಿಕಕ್ಕೆ ಹೋಗಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಮಕ್ಕಳು ಈ ಹಬ್ಬವನ್ನು ಶಾಲೆಯಿಂದಲೇ ಹೊತ್ತು ತರುತ್ತಾರೆ. ಊರಿನಲ್ಲಿರುವವರಿಗೂ ಒಟಿಟಿಗಳು ಅಕ್ಟೋಬರ್ ಬಂದೊಡನೆ ಹಾರರ್ ಪಟ್ಟಿ ಮುಂದಿಡುತ್ತವೆ. ಆದರೆ ಆ ಪಟ್ಟಿಯಲ್ಲಿ ಮೇಲಿಂದ ಕೆಳಕ್ಕೆ ಸಿಕ್ಕಿದ್ದನ್ನು ನೋಡುತ್ತ ಹೋದರೆ ತಿಂಗಳ ಮಧ್ಯಕ್ಕೇ ಬೇಸರ ಬರುತ್ತದೆ. ಹಾರರ್ ಸಿನಿಮಾಕ್ಕೆ ಬೇಕಾದದ್ದು ಕತ್ತಲೆ, ನಿಶ್ಶಬ್ದ ಮತ್ತು ಒಂದು ಕ್ರಮ. ಈ ಮೂರನ್ನೂ ಹೇಗೆ ಒದಗಿಸಿಕೊಳ್ಳಬೇಕು ಎಂಬುದನ್ನು ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ಮೂವತ್ತೊಂದು ಬೇಡ, ಹನ್ನೆರಡು ಸಾಕು

ವಾರಕ್ಕೆ ಮೂರು ಸಿನಿಮಾ. ಅದಕ್ಕಿಂತ ಹೆಚ್ಚು ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೆದರಿಕೆಗೆ ಕಾಯುವಿಕೆ ಬೇಕು. ದಿನಾ ರಾತ್ರಿ ಒಂದೊಂದು ನೋಡುತ್ತ ಹೋದರೆ ಬಾಗಿಲು ಕಿರ್ ಎಂದ ತಕ್ಷಣ ಮುಂದೇನು ಬರುತ್ತದೆ ಎಂದು ಮನಸ್ಸು ಮೊದಲೇ ಲೆಕ್ಕ ಹಾಕಿಬಿಡುತ್ತದೆ, ಆಮೇಲೆ ಎದೆ ನಡುಗುವುದಿಲ್ಲ. ನಡುವೆ ಒಂದೆರಡು ದಿನ ಬಿಟ್ಟರೆ ನೋಡಿದ ಚಿತ್ರ ತಲೆಯಲ್ಲಿ ಓಡಾಡುತ್ತದೆ. ಪಾತ್ರೆ ತೊಳೆಯುವಾಗ, ಕಾರು ಓಡಿಸುವಾಗ ಒಂದು ದೃಶ್ಯ ಮತ್ತೆ ಬಂದು ನಿಲ್ಲುತ್ತದೆ. ಒಳ್ಳೆಯ ಹಾರರ್ ಚಿತ್ರ ಅರ್ಧ ಕೆಲಸ ಮಾಡುವುದು ಮುಗಿದ ಮೇಲೆಯೇ.

ದಿನಗಳನ್ನು ಗುರುತು ಹಾಕುವಾಗ ಪಂಚಾಂಗವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ನವರಾತ್ರಿ, ದೀಪಾವಳಿ ಎರಡೂ ಆಗಾಗ ಅಕ್ಟೋಬರ್‌ನಲ್ಲೇ ಬೀಳುತ್ತವೆ. 2024ರಲ್ಲಂತೂ ನರಕ ಚತುರ್ದಶಿ ಬಂದದ್ದು ಹಾಲೋವೀನ್ ದಿನವೇ. ಹಾಲ್‌ನಲ್ಲಿ ಗೊಂಬೆ ಕೂರಿಸಿದ್ದಾಗ ಅದೇ ಹಾಲ್‌ನ ಟಿವಿಯಲ್ಲಿ ರಕ್ತ ಹರಿಸುವುದು ಮನೆಯ ಹಿರಿಯರಿಗೆ ಹಿಡಿಸುವುದಿಲ್ಲ, ಹಿಡಿಸಬೇಕಾಗಿಯೂ ಇಲ್ಲ. ಆ ದಿನಗಳನ್ನು ಬಿಟ್ಟು ಉಳಿದ ದಿನಗಳಿಗೆ ಹಂಚಿಕೊಳ್ಳಿ.

ಹಂತ 2: ಸಿನಿಮಾ ಎಲ್ಲಿದೆ ಎಂದು ಮೊದಲೇ ಹುಡುಕಿಡಿ

ಒಟಿಟಿಗಳಲ್ಲಿ ಚಿತ್ರಗಳು ಬರುವುದು, ಹೋಗುವುದು ಹೆಚ್ಚಾಗಿ ತಿಂಗಳ ಮೊದಲ ದಿನ. ಹಾಗಾಗಿ ಸೆಪ್ಟೆಂಬರ್ ಕೊನೆಯಲ್ಲಿ ಒಮ್ಮೆ, ಅಕ್ಟೋಬರ್ 1ರಂದು ಇನ್ನೊಮ್ಮೆ ನೋಡಿ. ಜಸ್ಟ್‌ವಾಚ್ ತಾಣದಲ್ಲಿ ನಿಮ್ಮ ದೇಶ ಆರಿಸಿ ಚಿತ್ರದ ಹೆಸರು ಹಾಕಿದರೆ ಅದು ಎಲ್ಲಿ ಸಿಗುತ್ತದೆ, ಬಾಡಿಗೆಗೋ ಉಚಿತವೋ ಎಂದು ತಿಳಿಯುತ್ತದೆ. ಅಮೆರಿಕದಲ್ಲಿರುವವರು ಊರಿನ ಪಬ್ಲಿಕ್ ಲೈಬ್ರರಿಯ ಕಾರ್ಡನ್ನು ಮರೆಯಬೇಡಿ. ಬಹಳಷ್ಟು ಲೈಬ್ರರಿಗಳ ಕಾರ್ಡ್‌ನಿಂದ ಕ್ಯಾನೊಪಿ ಅಥವಾ ಹೂಪ್ಲಾ ಆ್ಯಪ್‌ನಲ್ಲಿ ದುಡ್ಡಿಲ್ಲದೆ ಸಿನಿಮಾ ನೋಡಬಹುದು, ಹಳೆಯ ಚಿತ್ರಗಳು ಅಲ್ಲಿ ಚೆನ್ನಾಗಿ ಸಿಗುತ್ತವೆ. ಲೈಬ್ರರಿಯ ಡಿವಿಡಿ ಬೇಕಿದ್ದರೆ ಬೇಗನೆ ಹೆಸರು ಬರೆಸಿ.

ಹಕ್ಕುಸ್ವಾಮ್ಯ ಇಲ್ಲದ ಎರಡು ದೊಡ್ಡ ಚಿತ್ರಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಒಂದು, 1922ರ ಜರ್ಮನ್ ಮೂಕಿ ಚಿತ್ರ 'ನೊಸ್ಫೆರಾಟು'. ಎರಡು, 1968ರ 'ನೈಟ್ ಆಫ್ ದ ಲಿವಿಂಗ್ ಡೆಡ್'. ಈ ಎರಡನೆಯದು ಎಲ್ಲರ ಸೊತ್ತಾದ ಕಥೆ ನೋವಿನದು. ಬಿಡುಗಡೆಗೆ ಮೊದಲು ಚಿತ್ರದ ಹೆಸರು ಬದಲಾಯಿಸಿದಾಗ ಹೊಸ ಟೈಟಲ್ ಕಾರ್ಡ್‌ನಲ್ಲಿ ಕಾಪಿರೈಟ್ ಸಾಲು ಬಿಟ್ಟುಹೋಯಿತು. ಅಂದಿನ ಅಮೆರಿಕದ ಕಾನೂನಿನಲ್ಲಿ ಆ ಒಂದು ಸಾಲಿಲ್ಲದೆ ಹಕ್ಕು ಉಳಿಯುತ್ತಿರಲಿಲ್ಲ. ನಿರ್ದೇಶಕ ಜಾರ್ಜ್ ರೊಮೆರೊ ಮತ್ತು ಅವನ ಜೊತೆಗಾರರಿಗೆ ಬರಬೇಕಾಗಿದ್ದ ಹಣದ ಬಹುಪಾಲು ಹೀಗೆ ಕೈತಪ್ಪಿತು.

ಉಚಿತವಾಗಿ ಸಿಗುವ ಪ್ರತಿಗಳಲ್ಲಿ ಕೆಟ್ಟವೇ ಹೆಚ್ಚು, ಆದ್ದರಿಂದ ಆರಿಸಿಕೊಳ್ಳಿ. ರೊಮೆರೊ ಚಿತ್ರಕ್ಕೆ 2016ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮತ್ತು ಫಿಲ್ಮ್ ಫೌಂಡೇಶನ್ ಸೇರಿ ದುರಸ್ತಿ ಮಾಡಿದ ಪ್ರತಿ ಇದೆ, ಸಿಕ್ಕರೆ ಅದನ್ನೇ ನೋಡಿ. 'ನೊಸ್ಫೆರಾಟು' ವಿಷಯದಲ್ಲಿ ಬಣ್ಣ ಗಮನಿಸಿ. ಅದರ ರಾತ್ರಿಯ ದೃಶ್ಯಗಳನ್ನು ಹಗಲಿನಲ್ಲೇ ಚಿತ್ರಿಸಿ, ಆಮೇಲೆ ಫಿಲ್ಮಿಗೆ ನೀಲಿ ಬಣ್ಣ ಕೊಟ್ಟಿದ್ದರು. ಬಣ್ಣ ಹೋದ ಬರೀ ಕಪ್ಪು-ಬಿಳುಪಿನ ಪ್ರತಿಯಲ್ಲಿ ರಕ್ತಪಿಶಾಚಿ ನಡುಹಗಲಿನಲ್ಲಿ ಶವಪೆಟ್ಟಿಗೆ ಹೊತ್ತು ತಿರುಗುವ ಹಾಗೆ ಕಾಣುತ್ತದೆ, ಕಥೆಗೇ ಅರ್ಥ ಇಲ್ಲದಂತಾಗುತ್ತದೆ. ನೀಲಿ, ಹಳದಿ ಛಾಯೆಗಳಿರುವ ಪ್ರತಿಯನ್ನೇ ಹುಡುಕಿ.

ಹಂತ 3: ಟಿವಿ ಮತ್ತು ಕೋಣೆ

ಮೊದಲು ಟಿವಿಯ ಸೆಟ್ಟಿಂಗ್ಸ್‌ಗೆ ಹೋಗಿ ಮೋಷನ್ ಸ್ಮೂತಿಂಗ್ ಆಫ್ ಮಾಡಿ. ಒಂದೊಂದು ಕಂಪನಿ ಇದಕ್ಕೆ ಒಂದೊಂದು ಹೆಸರು ಇಟ್ಟಿರುತ್ತದೆ. ಇದು ಫ್ರೇಮ್‌ಗಳ ನಡುವೆ ಟಿವಿಯೇ ಹೊಸ ಫ್ರೇಮ್ ತುಂಬಿಸುವ ಸೌಲಭ್ಯ. ಕ್ರಿಕೆಟ್‌ಗೆ ಸರಿ, ಸಿನಿಮಾ ಮಾತ್ರ ಧಾರಾವಾಹಿಯಂತೆ ಕಾಣತೊಡಗುತ್ತದೆ. ನಿಮ್ಮ ಟಿವಿಯಲ್ಲಿ ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನು ಒತ್ತಿದರೆ ಸಾಕು. ಹಾರರ್ ಚಿತ್ರಗಳಲ್ಲಿ ಮುಖ್ಯವಾದದ್ದು ನೆರಳಿನ ಒಳಗೇ ಇರುತ್ತದೆ, ಹಾಗಾಗಿ ಕೋಣೆಯ ದೀಪ ಪರದೆಯ ಮೇಲೆ ಹೊಳೆಯಬಾರದು. ಪೂರ್ತಿ ಕತ್ತಲೆಯಲ್ಲಿ ಕಣ್ಣು ಆಯಾಸವಾಗುವವರು ಟಿವಿಯ ಹಿಂದೆ ಒಂದು ಸಣ್ಣ ದೀಪ ಇಟ್ಟುಕೊಳ್ಳಿ, ಮುಂದೆ ಬೇಡ.

ಸದ್ದಿನ ಬಗ್ಗೆ ಒಂದೇ ನಿಯಮ. ಚಿತ್ರದ ಆರಂಭದಲ್ಲಿ ಇಬ್ಬರು ಸಾಮಾನ್ಯವಾಗಿ ಮಾತನಾಡುವ ದೃಶ್ಯಕ್ಕೆ ವಾಲ್ಯೂಮ್ ಹೊಂದಿಸಿ, ಆಮೇಲೆ ರಿಮೋಟ್ ದೂರ ಇಡಿ. ಪಿಸುಮಾತು ಕೇಳಿಸುತ್ತಿಲ್ಲ ಎಂದು ಏರಿಸುವುದು, ಕಿರುಚಾಟ ಬಂದಾಗ ಇಳಿಸುವುದು ಮಾಡಿದರೆ ನಿರ್ದೇಶಕ ಕಟ್ಟಿದ ಏರಿಳಿತವೇ ಹೋಗುತ್ತದೆ. ಮಾತು ಅರ್ಥವಾಗದಿದ್ದರೆ ಸಬ್‌ಟೈಟಲ್ ಹಾಕಿಕೊಳ್ಳಿ. ಮಕ್ಕಳು ಮಲಗಿರುವ ಮನೆಯಲ್ಲಿ ಹೆಡ್‌ಫೋನ್ ಒಳ್ಳೆಯದು, ಹಿಂದಿನಿಂದ ಬರುವ ಹೆಜ್ಜೆ ಸದ್ದು ಅದರಲ್ಲಿ ಇನ್ನೂ ಹತ್ತಿರ ಬರುತ್ತದೆ. ಫೋನ್ ಬೇರೆ ಕೋಣೆಯಲ್ಲಿರಲಿ. ಚಕ್ಕುಲಿ, ಕೋಡುಬಳೆ ಡಬ್ಬಿಗಳನ್ನು ನಿಶ್ಶಬ್ದದ ಚಿತ್ರಗಳ ದಿನ ತೆರೆಯಬೇಡಿ. ನೆಂದ ಚುರುಮುರಿಯೋ ಕೇಸರಿಬಾತೋ ಇರಲಿ.

ಹಂತ 4: ಯಾರು ಕೂರುತ್ತಾರೆ ಎಂದು ತಿಳಿದುಕೊಳ್ಳಿ

ಒಬ್ಬರೇ ನೋಡುವುದಿದ್ದರೆ ಈ ಹಂತ ಬಿಡಿ. ಮನೆಮಂದಿ, ಸ್ನೇಹಿತರು ಸೇರುವುದಿದ್ದರೆ ಬಿಡಬೇಡಿ.

ಹೆದರಿಕೆ ಬೇಡ ಎನ್ನುವವರನ್ನು ಒತ್ತಾಯಿಸಿ ಕೂರಿಸಬಾರದು. ಹತ್ತಿರದವರನ್ನು ಕಳೆದುಕೊಂಡ ದುಃಖದಲ್ಲಿರುವವರು, ಆತಂಕದ ತೊಂದರೆ ಇರುವವರು, ಬಸುರಿ ಹೆಂಗಸರು ಕೆಲವು ಬಗೆಯ ಚಿತ್ರಗಳನ್ನು ನೋಡಲಾರರು, ಕಾರಣ ಹೇಳಲೂ ಇಷ್ಟಪಡಲಾರರು. ಡಸ್ ದ ಡಾಗ್ ಡೈ ಎಂಬ ತಾಣದಲ್ಲಿ ಒಂದೊಂದು ಚಿತ್ರದಲ್ಲಿ ಮಗುವಿಗೆ, ಪ್ರಾಣಿಗೆ ಏನಾದರೂ ಆಗುತ್ತದೆಯೇ, ಆತ್ಮಹತ್ಯೆ ಇದೆಯೇ, ಲೈಂಗಿಕ ಹಿಂಸೆ ಇದೆಯೇ ಎಂದು ನೋಡಿದವರೇ ಬರೆದಿರುತ್ತಾರೆ. ಐದು ನಿಮಿಷದ ಕೆಲಸ.

ಮಕ್ಕಳಿದ್ದರೆ ಸರ್ಟಿಫಿಕೇಟ್ ಒಂದನ್ನೇ ನಂಬಬೇಡಿ. ಅಮೆರಿಕದಲ್ಲಿ ಪಿಜಿ-13 ಎಂಬ ದರ್ಜೆ ಬಂದದ್ದು 1984ರಲ್ಲಿ. ಅದಕ್ಕೂ ಮೊದಲು ಹೆತ್ತವರ ಮಾರ್ಗದರ್ಶನ ಸಾಕೆನ್ನುವ ಪಿಜಿಗೂ, ಚಿಕ್ಕವರು ದೊಡ್ಡವರ ಜೊತೆಗೇ ಬರಬೇಕೆನ್ನುವ ಆರ್‌ಗೂ ನಡುವೆ ಏನೂ ಇರಲಿಲ್ಲ. 1982ರ 'ಪೋಲ್ಟರ್‌ಗೈಸ್ಟ್'ನಲ್ಲಿ ಒಬ್ಬ ಕನ್ನಡಿ ಮುಂದೆ ತನ್ನ ಮುಖದ ಮಾಂಸವನ್ನೇ ಕಿತ್ತುಕೊಳ್ಳುವ ದೃಶ್ಯವಿದೆ. ಅದರ ಮೇಲೆ ಇರುವುದು ಪಿಜಿ. ಭಾರತದಲ್ಲಿ ಈಗ ಯುಎ ದರ್ಜೆಯನ್ನೇ 7+, 13+, 16+ ಎಂದು ಒಡೆದಿರುವುದರಿಂದ ಹೊಸ ಚಿತ್ರಗಳ ಬಗ್ಗೆ ಸ್ವಲ್ಪ ಅಂದಾಜು ಸಿಗುತ್ತದೆ. ಚಿಕ್ಕವರಿಗೆ 1966ರ 'ಇಟ್ಸ್ ದ ಗ್ರೇಟ್ ಪಂಪ್ಕಿನ್, ಚಾರ್ಲಿ ಬ್ರೌನ್' ಅರ್ಧ ಗಂಟೆಯೊಳಗೆ ಮುಗಿಯುವ ಮುದ್ದಾದ ಚಿತ್ರ. 'ಕೊರಲೈನ್' ಪಿಜಿ ಆದರೂ ಕಣ್ಣಿಗೆ ಗುಂಡಿ ಹೊಲಿಯುವ ಮಾತು ಕೆಲವು ಮಕ್ಕಳಿಗೆ ವಾರಗಟ್ಟಲೆ ಕಾಡುತ್ತದೆ. ಮೊದಲು ನೀವೊಬ್ಬರೇ ನೋಡಿ, ಆಮೇಲೆ ತೀರ್ಮಾನಿಸಿ.

ಹಂತ 5: ನಾಲ್ಕು ವಾರಗಳ ಕ್ರಮ

ಹಳೆಯದರಿಂದ ಹೊಸದಕ್ಕೆ, ಕಡಿಮೆ ತೋರಿಸುವುದರಿಂದ ಹೆಚ್ಚು ತೋರಿಸುವುದಕ್ಕೆ ಹೋಗಿ. ಖಾರದ ಊಟವಾದ ಮೇಲೆ ತಿಳಿಸಾರು ಸಪ್ಪೆ ಎನಿಸುವ ಹಾಗೆ, ಇತ್ತೀಚಿನ ಚಿತ್ರಗಳ ರಕ್ತಪಾತ ನೋಡಿದ ಮೇಲೆ 1940ರ ದಶಕದ ನೆರಳುಗಳು ನಿಮಗೆ ಏನೂ ಅನ್ನಿಸುವುದಿಲ್ಲ. ಮೊದಲೇ ನೋಡಿದರೆ ಅವು ನಿಜವಾಗಿ ಹೆದರಿಸುತ್ತವೆ.

ಮೊದಲ ವಾರ. ನೀಲಿ ಛಾಯೆಯ 'ನೊಸ್ಫೆರಾಟು' ನೋಡಿ. ಇದು 'ಡ್ರಾಕುಲಾ' ಕಾದಂಬರಿಯ ಹಕ್ಕು ಪಡೆಯದೆ ಮಾಡಿದ ಚಿತ್ರ. ಲೇಖಕನ ಹೆಂಡತಿ ಕೋರ್ಟಿಗೆ ಹೋಗಿ ಗೆದ್ದರು, ಪ್ರತಿಗಳನ್ನೆಲ್ಲ ನಾಶಮಾಡಲು ಆದೇಶವಾಯಿತು. ಕೆಲವು ಪ್ರತಿಗಳು ಅಲ್ಲಲ್ಲಿ ಉಳಿದುಕೊಂಡದ್ದರಿಂದ ಇವತ್ತು ನಮಗೆ ಸಿಕ್ಕಿದೆ. ನಂತರ 1931ರ 'ಫ್ರಾಂಕನ್‌ಸ್ಟೈನ್', 70 ನಿಮಿಷದ್ದು. ಆರಂಭದ ಪಾತ್ರವರ್ಗದಲ್ಲಿ, ಕಥೆಯ ವಿಜ್ಞಾನಿ ಸೃಷ್ಟಿಸುವ ಜೀವಿಯ ಪಾತ್ರಧಾರಿಯ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ, ಬೋರಿಸ್ ಕಾರ್ಲೋಫ್ ಎಂದು ತಿಳಿಯುವುದು ಕೊನೆಯಲ್ಲಿ. ಕಥೆ ನಡೆಯುವಾಗ ಹಿನ್ನೆಲೆ ಸಂಗೀತವೇ ಇಲ್ಲ. ಆ ಮೌನಕ್ಕೆ ಕಿವಿ ಒಗ್ಗಲು ಹತ್ತು ನಿಮಿಷ ಬೇಕು, ಒಗ್ಗಿದ ಮೇಲೆ ಕಾರ್ಲೋಫ್ ಬೆಳಕಿನ ಕಡೆ ಎರಡೂ ಕೈ ಚಾಚುವ ದೃಶ್ಯ ನೋಡಿ. ಹೆದರಿಕೆಗಿಂತ ಮರುಕ ಮುಂದೆ ಬರುತ್ತದೆ.

ಮೂರನೆಯದು 1942ರ 'ಕ್ಯಾಟ್ ಪೀಪಲ್'. ಈ ತಿಂಗಳಿನಲ್ಲಿ ಒಂದೇ ಒಂದು ಚಿತ್ರದಿಂದ ಕಲಿಯಬೇಕೆಂದರೆ ಇದರಿಂದ ಕಲಿಯಿರಿ. ನಿರ್ಮಾಪಕ ವಾಲ್ ಲ್ಯೂಟನ್ ಕೈಯಲ್ಲಿ ಹಣ ಇರಲಿಲ್ಲ, ಆರ್‌ಕೆಒ ಸ್ಟುಡಿಯೋ ಅವನಿಗೆ ಕೊಟ್ಟದ್ದು ಒಂದು ಶೀರ್ಷಿಕೆ ಮತ್ತು ಸಣ್ಣ ಬಜೆಟ್. ಅವನು, ನಿರ್ದೇಶಕ ಜಾಕ್ ಟೂರ್ನರ್ ಸೇರಿ ಮೃಗವನ್ನು ಬಹುಮಟ್ಟಿಗೆ ಕತ್ತಲೆಯಲ್ಲೇ ಇಟ್ಟರು. ರಾತ್ರಿ ಪಾರ್ಕಿನ ಗೋಡೆಯ ಪಕ್ಕ ಒಬ್ಬಳು ನಡೆಯುತ್ತಾಳೆ, ಹಿಂದೆ ಇನ್ನೊಬ್ಬಳ ಹೆಜ್ಜೆ. ಹಿಂದಿನ ಹೆಜ್ಜೆ ಸದ್ದು ನಿಲ್ಲುತ್ತದೆ. ಮುಂದಿನವಳು ವೇಗ ಹೆಚ್ಚಿಸುತ್ತಾಳೆ. ಸಂಗೀತ ಇಲ್ಲ, ಏನೂ ಕಾಣುವುದಿಲ್ಲ. ಆಗ ಥಟ್ಟನೆ ಬುಸ್ಸೆಂದು ಬಂದು ನಿಲ್ಲುವುದು ಒಂದು ಬಸ್ಸು. ನೋಡುವವರು ಬೆಚ್ಚಿಬೀಳುತ್ತಾರೆ, ಬೆಚ್ಚಿದ್ದು ಬರೀ ಬಸ್ಸಿನ ಬ್ರೇಕಿಗೆ. ಇವತ್ತಿಗೂ ಇಂಥ ಹುಸಿ ಬೆದರಿಕೆಗೆ ಸಿನಿಮಾದವರು 'ಲ್ಯೂಟನ್ ಬಸ್' ಎಂದೇ ಹೇಳುತ್ತಾರೆ. ಈಚಿನ ಚಿತ್ರಗಳಲ್ಲಿ ಬೀರುವಿನಿಂದ ಬೆಕ್ಕು ಹಾರಿದಾಗಲೆಲ್ಲ ಈ ಬಸ್ಸು ನಿಮಗೆ ನೆನಪಾಗುತ್ತದೆ.

ಎರಡನೆಯ ವಾರ, ಮನೆಗಳು. 1961ರ 'ದಿ ಇನೊಸೆಂಟ್ಸ್' ಮತ್ತು 1963ರ 'ದ ಹಾಂಟಿಂಗ್', ಎರಡೂ ಕಪ್ಪು-ಬಿಳುಪು. ಎರಡನೆಯದರ ನಿರ್ದೇಶಕ ರಾಬರ್ಟ್ ವೈಸ್ ನಿರ್ದೇಶನಕ್ಕೆ ಇಳಿದದ್ದೇ ಲ್ಯೂಟನ್ ಬಳಿ, ಅವನಿಂದ ಕಲಿತದ್ದು ಇಲ್ಲಿ ಎದ್ದು ಕಾಣುತ್ತದೆ. ಇಬ್ಬರು ಹೆಂಗಸರು ಒಂದು ಕೋಣೆಯಲ್ಲಿ, ಹೊರಗೆ ಬಾಗಿಲು ಬಡಿಯುವ ಸದ್ದು, ಆ ಸದ್ದು ಕಾರಿಡಾರಿನುದ್ದಕ್ಕೂ ಹತ್ತಿರ ಬರುತ್ತದೆ. ಮುಂದೊಂದು ದೃಶ್ಯದಲ್ಲಿ ಗಟ್ಟಿ ಮರದ ಬಾಗಿಲೇ ಒಳಕ್ಕೆ ಉಬ್ಬಿ ಬರುತ್ತದೆ. ದೆವ್ವ ಎಂಬುದು ಒಮ್ಮೆಯೂ ತೆರೆಯ ಮೇಲೆ ಬರುವುದಿಲ್ಲ. ವೈಸ್ ಎರಡು ವರ್ಷದ ನಂತರ 'ದ ಸೌಂಡ್ ಆಫ್ ಮ್ಯೂಸಿಕ್' ಮಾಡಿದ ಎಂಬುದು ನನಗೆ ಯಾವತ್ತೂ ಬೆರಗು. ವಾರದ ಕೊನೆಗೆ 1980ರ 'ದ ಶೈನಿಂಗ್'. ಇದರಲ್ಲಿ ಎರಡು ಆವೃತ್ತಿಗಳಿವೆ, 144 ನಿಮಿಷದ ಅಮೆರಿಕದ್ದು, 119 ನಿಮಿಷದ ಯುರೋಪಿನದು. ಉದ್ದದ್ದನ್ನು ಆರಿಸಿ. ಹುಡುಗ ಮೂರು ಗಾಲಿ ಸೈಕಲ್ ತುಳಿಯುವಾಗ ಮರದ ನೆಲದ ಮೇಲೆ ಗಡಗಡ, ಜಮಖಾನೆಯ ಮೇಲೆ ಮೌನ, ಮತ್ತೆ ಗಡಗಡ. ಹಿಂದೆಯೇ ನೆಲಮಟ್ಟದಲ್ಲಿ ಹಿಂಬಾಲಿಸುವ ಕ್ಯಾಮೆರಾ ಸ್ಟೆಡಿಕ್ಯಾಮ್, ಓಡಾಡುವಾಗಲೂ ಚಿತ್ರ ಅಲುಗದಂತೆ ಹಿಡಿಯುವ, ಆಗಿನ್ನೂ ಹೊಸ ಉಪಕರಣ.

ಮೂರನೆಯ ವಾರ, ಬೇರೆ ಊರಿನ ಭೂತಗಳು. ಜಪಾನಿನ 1998ರ 'ರಿಂಗು', ನಮ್ಮ ದೇಶದ 2018ರ 'ತುಂಬಾಡ್', ಕನ್ನಡದ 1979ರ 'ನಾ ನಿನ್ನ ಬಿಡಲಾರೆ'. 'ರಿಂಗು'ವನ್ನು ಡಬ್ಬಿಂಗ್‌ನಲ್ಲಿ ನೋಡಬೇಡಿ. ಅದರ ಹೆಣ್ಣು ದೆವ್ವದ ನಡಿಗೆ ಮನುಷ್ಯರದ್ದಲ್ಲ ಎನ್ನಿಸಲು ಕಾರಣ ಇದೆ: ಪಾತ್ರಧಾರಿಯನ್ನು ಹಿಂದಕ್ಕೆ ನಡೆಸಿ ಚಿತ್ರಿಸಿ, ಅದನ್ನು ತಿರುಗುಮುರುಗಾಗಿ ಓಡಿಸಿದ್ದಾರೆ. 'ತುಂಬಾಡ್' ಹಲವು ಮಳೆಗಾಲಗಳಲ್ಲಿ ಚಿತ್ರೀಕರಿಸಿದ ಚಿತ್ರ, ಅದರ ಮಳೆಯೇ ಒಂದು ಪಾತ್ರ. ಬಿಡುಗಡೆಯಾದಾಗ ಜನ ಅಷ್ಟಾಗಿ ಬರಲಿಲ್ಲ, 2024ರಲ್ಲಿ ಮತ್ತೆ ಥಿಯೇಟರಿಗೆ ತಂದಾಗ ಮೊದಲ ಸಲಕ್ಕಿಂತ ಹೆಚ್ಚು ಗಳಿಸಿತು. ಅನಂತ್ ನಾಗ್, ಲಕ್ಷ್ಮಿ ನಟಿಸಿದ 'ನಾ ನಿನ್ನ ಬಿಡಲಾರೆ'ಯನ್ನು ಅಮ್ಮ, ಅತ್ತೆ ಊರಿನಿಂದ ಬಂದಿದ್ದರೆ ಅವರ ಜೊತೆ ನೋಡಿ. ಆ ಕಾಲದಲ್ಲಿ ಅದನ್ನು ಟೆಂಟಿನಲ್ಲೋ ಟಾಕೀಸಿನಲ್ಲೋ ನೋಡಿ ಹೆದರಿದವರ ಬಾಯಿಂದ ಬರುವ ಮಾತು ಯಾವ ವಿಮರ್ಶೆಯಲ್ಲೂ ಸಿಗುವುದಿಲ್ಲ.

ನಾಲ್ಕನೆಯ ವಾರ. 1960ರ 'ಸೈಕೋ' ಹಳೆಯದಾದರೂ ಇಲ್ಲಿಗೆ ಇಡಿ, ಈ ವಾರದ ಮೂರನೆಯದಾದ 31ರ ರಾತ್ರಿಯ ಚಿತ್ರಕ್ಕೆ ಅದರ ನಂಟಿದೆ. ನಿರ್ದೇಶಕ ಹಿಚ್‌ಕಾಕ್, ಚಿತ್ರ ಶುರುವಾದ ಮೇಲೆ ಯಾರನ್ನೂ ಥಿಯೇಟರಿನೊಳಗೆ ಬಿಡಬಾರದೆಂದು ಪಟ್ಟು ಹಿಡಿದಿದ್ದ, ಮನೆಯಲ್ಲೂ ಅದೇ ನಿಯಮ ಇರಲಿ. ಬರ್ನಾರ್ಡ್ ಹೆರ್ಮನ್ ಬರೀ ತಂತಿವಾದ್ಯಗಳಿಂದ ಮಾಡಿದ ಸಂಗೀತವನ್ನು ಆಲಿಸಿ. ಪಿಟೀಲು ಚೀರುವುದನ್ನು ಆ ಸ್ನಾನದ ದೃಶ್ಯದ ನಂತರ ಜಗತ್ತಿನ ಯಾವ ಭಾಷೆಯ ಸಿನಿಮಾವೂ ಬಿಡಲಿಲ್ಲ. ಅದಾದ ಮೇಲೆ 1982ರ 'ದ ಥಿಂಗ್'. ಇಲ್ಲಿ ಎಲ್ಲವನ್ನೂ ತೋರಿಸುತ್ತಾರೆ, ಕಂಪ್ಯೂಟರ್ ಇಲ್ಲದೆ ರಬ್ಬರು, ಅಂಟು, ತಂತಿಗಳಿಂದ ಮಾಡಿದ ದೇಹಗಳು. ಊಟ ಮೊದಲೇ ಮುಗಿಸಿ ಕೂರಿ.

ಹಂತ 6: ಮುಗಿದ ಮೇಲೆ ನೇರ ಹಾಸಿಗೆಗೆ ಹೋಗಬೇಡಿ

ಅಕ್ಟೋಬರ್ ಕೊನೆಗೆ ಅಮೆರಿಕದ ಬಹಳಷ್ಟು ಊರುಗಳಲ್ಲಿ ಸಂಜೆ ಆರರ ಆಚೀಚೆಗೇ ಸೂರ್ಯ ಮುಳುಗುತ್ತಾನೆ. ಏಳೂವರೆಗೆ ಶುರು ಮಾಡಿದರೆ ಸಾಕಷ್ಟು ಕತ್ತಲೆ, ಹೆಚ್ಚಿನ ಚಿತ್ರಗಳು ಒಂಬತ್ತೂವರೆಗೆ ಮುಗಿಯುತ್ತವೆ. ನಂತರ ಅರ್ಧ ಗಂಟೆ ದೀಪ ಹಾಕಿ ಚಿತ್ರದ ಬಗ್ಗೆ ಮಾತನಾಡಿ. ಎಲ್ಲಿ ಹೆದರಿದಿರಿ, ಯಾಕೆ ಹೆದರಿದಿರಿ, ಆ ಸದ್ದು ಎಲ್ಲಿಂದ ಬಂತು. ಮಾತಿನಲ್ಲಿ ಹೆದರಿಕೆ ಬಿಡಿ ಬಿಡಿಯಾಗಿ ನಿದ್ದೆ ಬರುತ್ತದೆ. ನಿದ್ದೆಗೆಡುತ್ತಿದೆ ಎನಿಸಿದರೆ ಆ ವಾರದ ಉಳಿದ ಚಿತ್ರಗಳನ್ನು ಶನಿವಾರ ಮಧ್ಯಾಹ್ನ ಪರದೆ ಎಳೆದುಕೊಂಡು ನೋಡಿ.

ಹಂತ 7: 31ರ ರಾತ್ರಿ

ಆ ದಿನ ಕತ್ತಲಾಗುತ್ತಿದ್ದಂತೆ ವೇಷ ಹಾಕಿದ ಮಕ್ಕಳು ಮನೆಮನೆಗೆ ಬಂದು ಬಾಗಿಲು ತಟ್ಟುತ್ತಾರೆ. ಮನೆ ಮುಂದಿನ ದೀಪ ಉರಿಯುತ್ತಿದ್ದರೆ ಇಲ್ಲಿ ಕ್ಯಾಂಡಿ ಸಿಗುತ್ತದೆ ಎಂದು ಅರ್ಥ. ಎಂಟು ಎಂಟೂವರೆಗೆ ಬರುವವರು ನಿಲ್ಲುತ್ತಾರೆ, ಆಗ ದೀಪ ಆರಿಸಿ 1978ರ 'ಹಾಲೋವೀನ್' ಹಾಕಿ. ತಿಂಗಳಿಡೀ ಕಾದಿಟ್ಟದ್ದು ಇದಕ್ಕೆ.

ಇದರ ನಾಯಕಿ ಜೇಮಿ ಲೀ ಕರ್ಟಿಸ್, 'ಸೈಕೋ'ದಲ್ಲಿ ಸ್ನಾನದ ಮನೆಯಲ್ಲಿ ಸತ್ತ ಜ್ಯಾನೆಟ್ ಲೀ ಮಗಳು. ಕೊಲೆಗಾರನ ಬೆನ್ನು ಹತ್ತುವ ಡಾಕ್ಟರ್ ಲೂಮಿಸ್ ಎಂಬ ಹೆಸರೂ 'ಸೈಕೋ'ದ ಪಾತ್ರದಿಂದ ತಂದದ್ದು. ನಿರ್ದೇಶಕ ಜಾನ್ ಕಾರ್ಪೆಂಟರ್ ಇದನ್ನು ಸುಮಾರು 3 ಲಕ್ಷ ಡಾಲರಿನಲ್ಲಿ ಮುಗಿಸಿದ. ಕಥೆ ನಡೆಯುವುದು ಇಲಿನಾಯ್‌ನ ಅಕ್ಟೋಬರ್‌ನಲ್ಲಿ, ಚಿತ್ರೀಕರಣ ಆದದ್ದು ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಬಿದ್ದ ಎಲೆಗಳಿಗೆ ಬಣ್ಣ ಬಳಿದು ರಸ್ತೆಗೆ ಚೆಲ್ಲಿ, ದೃಶ್ಯ ಮುಗಿದ ಮೇಲೆ ಅದೇ ಎಲೆಗಳನ್ನು ಗೋಣಿಗೆ ತುಂಬಿ ಮುಂದಿನ ಬೀದಿಗೆ ಒಯ್ಯುತ್ತಿದ್ದರು. ಮರಗಳ ಕಡೆ ನೋಡಿದರೆ ಹಸಿರು ಕಾಣುತ್ತದೆ. ಕೊಲೆಗಾರನ ಮುಖವಾಡ ಅಂಗಡಿಯಲ್ಲಿ ಕೊಂಡ 'ಸ್ಟಾರ್ ಟ್ರೆಕ್' ಕ್ಯಾಪ್ಟನ್ ಕರ್ಕ್‌ನದು, ಬಿಳಿ ಬಣ್ಣ ಹೊಡೆದದ್ದು. ಐದು ಎಣಿಕೆಯ ಆ ಪಿಯಾನೊ ಸಂಗೀತ ಕಾರ್ಪೆಂಟರನದೇ. ನಮ್ಮ ಖಂಡಛಾಪು ತಾಳ ಗೊತ್ತಿರುವವರಿಗೆ ಐದರ ಲೆಕ್ಕ ತಕ್ಷಣ ಸಿಗುತ್ತದೆ, ಆದರೂ ಆ ಓಟದಲ್ಲಿ ನೆಮ್ಮದಿ ಸಿಗುವುದಿಲ್ಲ.

ನೋಡುವಾಗ ಮುಖ್ಯ ಪಾತ್ರಗಳನ್ನು ಮಾತ್ರ ನೋಡಬೇಡಿ. ಚಿತ್ರದ ಚೌಕಟ್ಟು ಅಗಲವಾದದ್ದು, ಕೊಲೆಗಾರ ಹಗಲಿನಲ್ಲೇ ಬೇಲಿಯ ಪಕ್ಕ, ಒಗೆದ ಬಟ್ಟೆಗಳ ನಡುವೆ, ಚೌಕಟ್ಟಿನ ಅಂಚಿನಲ್ಲಿ ಸುಮ್ಮನೆ ನಿಂತಿರುತ್ತಾನೆ. ಫೋನಿನಲ್ಲಿ ನೋಡಿದವರಿಗೆ ಇದರ ಅರ್ಧ ತಪ್ಪಿಹೋಗುತ್ತದೆ. ಮೊದಲ ವಾರ ಲ್ಯೂಟನ್ ಕಲಿಸಿದ ಕಾಯುವಿಕೆ ಇಲ್ಲಿ ಕೈಗೆ ಬರುತ್ತದೆ: ಏನೂ ಆಗದ ಹೊತ್ತಿನಲ್ಲೇ ಕಣ್ಣು ತಾನಾಗಿ ಮೂಲೆಗಳನ್ನು ಹುಡುಕತೊಡಗುತ್ತದೆ.

91 ನಿಮಿಷಕ್ಕೆ ಮುಗಿಯುತ್ತದೆ. ಇನ್ನೂ ಕೂರುವವರಿದ್ದರೆ, ಮರುದಿನ ಕೆಲಸ ಇಲ್ಲದಿದ್ದರೆ, 'ನೈಟ್ ಆಫ್ ದ ಲಿವಿಂಗ್ ಡೆಡ್' ಹಾಕಿ. ಕೆಲಸ ಇದ್ದರೆ ಅದನ್ನು ಮುಂದಿನ ಶನಿವಾರಕ್ಕೆ ಇಟ್ಟುಕೊಳ್ಳಿ, ಉಚಿತ ಪ್ರತಿ ಎಲ್ಲಿಗೂ ಹೋಗುವುದಿಲ್ಲ.